ಬಾಯಿಯ ಕ್ಯಾನ್ಸರಿನಲ್ಲಿ ಪ್ರೋಟೀನು ಸೂಚಕಗಳು: ಒಂದು ವರದಿಯನ್ನು ಅರ್ಥಮಾಡಿಕೊಳ್ಳುವ ಬಗೆ

ಗಡಿನಾಡಿನ ಕನ್ನಡ ಕುಟುಂಬಗಳಲ್ಲಿ ಕಾಯಿಲೆಯ ಮಾತು ಮೂರು ಭಾಷೆಗಳನ್ನು ದಾಟಿ ಸಾಗುತ್ತದೆ. ಮನೆಯಲ್ಲಿ ನೋವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ. ಆಸ್ಪತ್ರೆಯಲ್ಲಿ ವಿಚಾರಿಸುವುದು ಕಾಸರಗೋಡಿನಲ್ಲಾದರೆ ಮಲಯಾಳದಲ್ಲಿ, ಅಕ್ಕಲಕೋಟೆಯಲ್ಲಾದರೆ ಮರಾಠಿಯಲ್ಲಿ, ತಾಳವಾಡಿಯಲ್ಲಾದರೆ ತಮಿಳಿನಲ್ಲಿ, ಆದವಾನಿಯಲ್ಲಾದರೆ ತೆಲುಗಿನಲ್ಲಿ. ಕೊನೆಗೆ ಕೈಗೆ ಬರುವ ಪ್ರಯೋಗಾಲಯದ ವರದಿ ಮಾತ್ರ ಎಲ್ಲ ಕಡೆಯೂ ಇಂಗ್ಲಿಷಿನಲ್ಲಿ. ಬಾಯಿಯ ಕ್ಯಾನ್ಸರಿನ ವರದಿಯಾದರೆ ಅದರಲ್ಲಿ ಪಿ53, ಪಿ16, ಕಿ-67, ಪಿಡಿ-ಎಲ್1 ಎಂಬಂತಹ ಗೂಢಾಕ್ಷರಗಳೂ, ಅವುಗಳ ಮುಂದೆ ಪಾಸಿಟಿವ್, ನೆಗೆಟಿವ್ ಎಂಬ ಪದಗಳೂ ಇರುತ್ತವೆ. ಮನೆಯ ಹಿರಿಯರು ಆ ಕಾಗದವನ್ನು ಓದಿ ಹೇಳಲು ಕೊಡುವುದು ಸಾಮಾನ್ಯವಾಗಿ ಕಾಲೇಜಿಗೆ ಹೋಗುವ ಮಕ್ಕಳ ಕೈಗೆ. ಆ ಅಕ್ಷರಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ವಿಷಯದ ಗಾತ್ರ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ, ತುಟಿ ಮತ್ತು ಬಾಯಿಯ ಕ್ಯಾನ್ಸರು ಆ ಒಂದು ವರ್ಷದಲ್ಲಿ ಲೋಕದಾದ್ಯಂತ ಸುಮಾರು 3.9 ಲಕ್ಷ ಜನರಲ್ಲಿ ಹೊಸದಾಗಿ ಕಂಡುಬಂದಿತು. ಅವರಲ್ಲಿ ಸುಮಾರು 1.4 ಲಕ್ಷ ಜನ ಭಾರತದವರು. ಅಂದರೆ ಲೋಕದ ಮೂರು ರೋಗಿಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಈ ದೇಶದವರು.

ರೋಗದ ಹೆಸರು ಮತ್ತು ನೆಲೆ

ಸುಶ್ರುತಸಂಹಿತೆಯಲ್ಲಿ ಗ್ರಂಥಿ, ಅರ್ಬುದ ಎಂಬ ಹೆಸರುಗಳಲ್ಲಿ ದೇಹದ ಗಂಟುಗಳ ವರ್ಣನೆ ಇದೆ. ಗ್ರೀಕರು ಈ ರೋಗಕ್ಕೆ ಏಡಿಯ ಹೆಸರನ್ನಿಟ್ಟರು. ಅದು ಲ್ಯಾಟಿನಿನಲ್ಲಿ ಕ್ಯಾನ್ಸರ್ ಆಯಿತು. ಕನ್ನಡದ ‘ಏಡಿಗಂತಿ’ ಎಂಬ ಪದ ಆ ರೂಪಕವನ್ನೇ ಹೊತ್ತು ಬಂದದ್ದು. ಗಂಟಿನಿಂದ ಸುತ್ತಲಿನ ಅಂಗಾಂಶಕ್ಕೆ ಚಾಚಿದ ಬೇರುಗಳು ಏಡಿಯ ಕಾಲುಗಳಂತೆ ಕಂಡದ್ದು ಈ ಹೆಸರಿಗೆ ಕಾರಣವೆಂದು ಹೇಳುತ್ತಾರೆ. ಸುತ್ತಲಿಗೆ ನುಗ್ಗುವುದು, ದೂರಕ್ಕೆ ಹರಡುವುದು ಎಂಬ ಎರಡು ಗುಣಗಳೇ ಸಾಮಾನ್ಯ ಗಂಟಿನಿಂದ ಕ್ಯಾನ್ಸರನ್ನು ಬೇರ್ಪಡಿಸುವುದರಿಂದ ಈ ರೂಪಕ ಇಂದಿಗೂ ಸಾರ್ಥಕವಾಗಿಯೇ ಉಳಿದಿದೆ.

ಬಾಯಿಯ ಒಳಗೋಡೆಯನ್ನು ಹೊದಿಸಿರುವುದು ಸ್ಕ್ವಾಮಸ್ ಎಂದು ಕರೆಯುವ ಚಪ್ಪಟೆ ಕೋಶಗಳ ಪದರ. ಬಾಯಿಯ ಕ್ಯಾನ್ಸರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವು ಈ ಪದರದಿಂದಲೇ ಹುಟ್ಟುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ನಾಲಿಗೆಯೂ ನಾಲಿಗೆಯ ಕೆಳಗಿನ ಭಾಗವೂ ಹೆಚ್ಚಾಗಿ ರೋಗಕ್ಕೆ ತುತ್ತಾದರೆ, ಭಾರತದಲ್ಲಿ ಕೆನ್ನೆಯ ಒಳಭಾಗ ಮತ್ತು ಒಸಡು ಕೂಡುವ ಸಂದಿಯಲ್ಲಿ ಅದು ಹೆಚ್ಚು. ಕಾರಣ ಸ್ಪಷ್ಟ: ಎಲೆಯಡಕೆಯನ್ನೂ ಹೊಗೆಸೊಪ್ಪನ್ನೂ ಗುಟ್ಕಾವನ್ನೂ ಜನ ಇಟ್ಟುಕೊಳ್ಳುವುದು ಆ ಸಂದಿಯಲ್ಲಿಯೇ.

ಅಡಕೆಯ ವಿಷಯದಲ್ಲಿ ಗಡಿನಾಡಿನವರು ಎರಡು ಸಂಗತಿಗಳನ್ನು ಒಟ್ಟಿಗೆ ಎದುರಿಸಬೇಕಾಗುತ್ತದೆ. ಕಾಸರಗೋಡಿನ ತೋಟಗಳಿಗೆ ಅಡಕೆಯೇ ಜೀವನಾಧಾರ. ಆ ಬೆಳೆಯ ಸಂಶೋಧನೆ ನಡೆಸುವ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ಇರುವುದೂ ಅಲ್ಲಿಯೇ. ತಾಂಬೂಲವಿಲ್ಲದೆ ಮದುವೆಯೂ ಇಲ್ಲ, ದೇವಕಾರ್ಯವೂ ಇಲ್ಲ. ಆದರೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ ಪರಿಶೀಲನೆಯಲ್ಲಿ, ಹೊಗೆಸೊಪ್ಪು ಬೆರೆಯದಿದ್ದರೂ ಅಡಕೆಯು ಮನುಷ್ಯರಲ್ಲಿ ಕ್ಯಾನ್ಸರುಕಾರಕವೆಂದು ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಎಲೆಯಡಕೆಯೊಂದಿಗೆ ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಅದರ ಮೇಲೆ ಮದ್ಯ ಸೇರಿದರೆ ಮತ್ತಷ್ಟು.

ಅಡಕೆಯಿಂದ ಬರುವ ಒಂದು ಪೂರ್ವಾವಸ್ಥೆಯಲ್ಲಿಯೇ ಪ್ರೋಟೀನುಗಳ ಪಾತ್ರವನ್ನು ಕಾಣಬಹುದು. ಅಡಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಕೆನ್ನೆಯ ಒಳಪದರದ ಕೆಳಗಿನ ಕೋಶಗಳನ್ನು ಕೆರಳಿಸಿ ಕೊಲ್ಯಾಜೆನ್ ಎಂಬ ನಾರಿನಂತಹ ಪ್ರೋಟೀನನ್ನು ಹೆಚ್ಚು ಉತ್ಪಾದಿಸುವಂತೆ ಮಾಡುತ್ತದೆ. ಅಡಕೆಯಲ್ಲಿರುವ ತಾಮ್ರದ ಅಂಶವು ಲೈಸಿಲ್ ಆಕ್ಸಿಡೇಸ್ ಎಂಬ ಇನ್ನೊಂದು ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಅದು ಕೊಲ್ಯಾಜೆನ್ ಎಳೆಗಳನ್ನು ಒಂದಕ್ಕೊಂದು ಹೆಣೆದು ಬಿಗಿಗೊಳಿಸುತ್ತದೆ. ಕೆನ್ನೆ ಹಲಗೆಯಂತೆ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರಿನ ಈ ಸ್ಥಿತಿಯನ್ನು 1952ರಲ್ಲಿ ಶ್ವಾರ್ಟ್ಸ್ ಎಂಬುವರು ಮೊದಲಿಗೆ ವರ್ಣಿಸಿದ್ದು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ. ದೇಶ ಬಿಟ್ಟರೂ ಅಭ್ಯಾಸ ಬಿಡದಿದ್ದುದರಿಂದ ರೋಗವೂ ಜೊತೆಗೆ ಹೋಗಿತ್ತು. ಇಂತಹ ಬಾಯಿಯಲ್ಲಿ ಮುಂದೆ ಕ್ಯಾನ್ಸರು ಹುಟ್ಟುವ ಸಾಧ್ಯತೆ ಹೆಚ್ಚು. ಉಜ್ಜಿದರೂ ಹೋಗದ ಬಿಳಿ ಮಚ್ಚೆಯಾದ ಲ್ಯುಕೋಪ್ಲೇಕಿಯ, ಕೆಂಪು ಮಚ್ಚೆಯಾದ ಎರಿಥ್ರೋಪ್ಲೇಕಿಯ ಇವೂ ಇದೇ ಸಾಲಿಗೆ ಸೇರಿದ ಪೂರ್ವಾವಸ್ಥೆಗಳು. ಇವೆರಡರಲ್ಲಿ ಕೆಂಪು ಮಚ್ಚೆ ಹೆಚ್ಚು ಅಪಾಯಕಾರಿ.

ಪ್ರೋಟೀನು ಏಕೆ ಸೂಚಕವಾಗುತ್ತದೆ

ಕೋಶದೊಳಗಿನ ಪ್ರೋಟೀನನ್ನು ಒಂದು ಪದಕ್ಕೆ ಹೋಲಿಸಬಹುದು. ಅಮೈನೊ ಆಮ್ಲಗಳೆಂಬ 20 ಅಕ್ಷರಗಳಿಂದ ಎಲ್ಲ ಪ್ರೋಟೀನುಗಳೂ ರಚನೆಯಾಗಿವೆ. ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ, ಆ ಅಕ್ಷರಗಳ ಕ್ರಮ ಬರೆದಿರುತ್ತದೆ. ‘ಕಲೆ’ಯಲ್ಲಿನ ಲಕಾರ ಳಕಾರವಾದರೆ ಅದು ‘ಕಳೆ’ಯಾಗಿ ಅರ್ಥವೇ ಬದಲಾಗುವಂತೆ, ಪ್ರೋಟೀನಿನಲ್ಲಿ ಒಂದು ಅಕ್ಷರ ಪಲ್ಲಟವಾದರೆ ಅದರ ಆಕಾರ ಕೆಡುತ್ತದೆ, ಆಕಾರ ಕೆಟ್ಟರೆ ಕೆಲಸ ಕೆಡುತ್ತದೆ. ಹೊಗೆಸೊಪ್ಪಿನಲ್ಲಿರುವ ನೈಟ್ರೊಸಮೀನುಗಳಂತಹ ರಾಸಾಯನಿಕಗಳು ಜೀನಿನ ಬರಹವನ್ನೇ ತಿದ್ದಿಬಿಡುತ್ತವೆ. ಆಗ ಕೆಲವು ಪ್ರೋಟೀನುಗಳು ಕೆಡುತ್ತವೆ, ಕೆಲವು ಅತಿಯಾಗುತ್ತವೆ, ಕೆಲವು ಇಲ್ಲವಾಗುತ್ತವೆ. ಈ ಮೂರು ಬಗೆಯ ಏರುಪೇರನ್ನು ಪ್ರಯೋಗಾಲಯದಲ್ಲಿ ಗುರುತಿಸಿ, ರೋಗದ ಇರವನ್ನೋ ಸ್ವಭಾವವನ್ನೋ ತಿಳಿಯಲು ಬಳಸಿದರೆ ಅಂತಹ ಪ್ರೋಟೀನಿಗೆ ಸೂಚಕವೆಂದು ಹೆಸರು.

ಈ ಕಲ್ಪನೆ ಹಳೆಯದು. ಹೆನ್ರಿ ಬೆನ್ಸ್ ಜೋನ್ಸ್ ಎಂಬ ಇಂಗ್ಲಿಷ್ ವೈದ್ಯನು 1848ರಲ್ಲಿ, ಮೂಳೆಮಜ್ಜೆಯ ಕ್ಯಾನ್ಸರಿನ ರೋಗಿಯೊಬ್ಬನ ಮೂತ್ರದಲ್ಲಿ ಕಂಡ ವಿಚಿತ್ರ ಪ್ರೋಟೀನಿನ ಬಗ್ಗೆ ಬರೆದನು. ಕ್ಯಾನ್ಸರ್ ಸೂಚಕಗಳ ಇತಿಹಾಸವನ್ನು ಅಲ್ಲಿಂದಲೇ ಆರಂಭಿಸುವುದು ವಾಡಿಕೆ. ಆದರೆ ಬೇಕಾದ ಒಂದೇ ಪ್ರೋಟೀನನ್ನು ಸಾವಿರಾರರ ನಡುವೆ ಹುಡುಕುವ ಸಾಧನ ದೊರೆತದ್ದು 1975ರಲ್ಲಿ. ಆ ವರ್ಷ ಕೋಹ್ಲರ್ ಮತ್ತು ಮಿಲ್ಸ್ಟೈನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ತೋರಿಸಿಕೊಟ್ಟರು. ಅದಕ್ಕಾಗಿ ಅವರಿಗೆ 1984ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಪರೀಕ್ಷೆ ನಡೆಯುವ ಕ್ರಮ ಹೀಗಿದೆ. ಅನುಮಾನದ ಜಾಗದಿಂದ ಚಿಕ್ಕ ತುಣುಕನ್ನು ತೆಗೆಯುವುದೇ ಬಯಾಪ್ಸಿ. ಅದನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳುವಾಗಿ ಸೀಳುತ್ತಾರೆ. ಮೊದಲು ಗುಲಾಬಿ ಮತ್ತು ನೇರಿಳೆ ಬಣ್ಣಗಳ ಸಾಮಾನ್ಯ ಲೇಪನ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರು ಹೌದೋ ಅಲ್ಲವೋ ಎಂಬುದು ಬಹುಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ. ಹೆಚ್ಚಿನ ವಿವರ ಬೇಕೆನಿಸಿದಾಗ ಮಾತ್ರ ಇನ್ನೊಂದು ಸೀಳಿನ ಮೇಲೆ ಪ್ರತಿಕಾಯವನ್ನು ಹಾಕುತ್ತಾರೆ. ಹುಡುಕುತ್ತಿರುವ ಪ್ರೋಟೀನು ಇದ್ದರೆ ಪ್ರತಿಕಾಯ ಅದಕ್ಕೆ ಅಂಟಿಕೊಂಡು, ಆ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಉದ್ದ ಹೆಸರಿನ ಪರೀಕ್ಷೆ ಇದೇ. ವರದಿಯಲ್ಲಿ ಪಾಸಿಟಿವ್ ಎಂದರೆ ಕಂದು ಬಣ್ಣ ಬಂದಿದೆ ಎಂದಷ್ಟೇ ಅರ್ಥ.

ಪಿ53: ಕಾವಲು ತಪ್ಪಿದಾಗ

ಕ್ಯಾನ್ಸರಿನ ಪ್ರೋಟೀನುಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಪಿ53. 1979ರಲ್ಲಿ ಹಲವು ತಂಡಗಳು ಇದನ್ನು ಸ್ವತಂತ್ರವಾಗಿ ಕಂಡುಹಿಡಿದವು. ಪಿ ಎಂದರೆ ಪ್ರೋಟೀನು. 53 ಎಂಬುದು ಕಿಲೋಡಾಲ್ಟನ್ ಎಂಬ ಮಾನದಲ್ಲಿ ಅದಕ್ಕೆ ಮೊದಲಿಗೆ ಅಂದಾಜಿಸಿದ ತೂಕ; ನಿಜವಾದ ತೂಕ ಅದಕ್ಕಿಂತ ಕಡಿಮೆ. ಇದು 393 ಅಮೈನೊ ಆಮ್ಲಗಳ ಪದ. ಕೋಶದ ಡಿಎನ್‌ಎಗೆ ಹಾನಿಯಾದರೆ ಪಿ53 ಎಚ್ಚೆತ್ತು ಕೋಶವಿಭಜನೆಯನ್ನು ತಡೆಯುತ್ತದೆ. ದುರಸ್ತಿಗೆ ಸಮಯ ಕೊಡುತ್ತದೆ. ದುರಸ್ತಿಯಾಗದಿದ್ದರೆ ಕೋಶವು ತಾನಾಗಿ ಸಾಯುವಂತೆ ಮಾಡುತ್ತದೆ. ಡೇವಿಡ್ ಲೇನ್ 1992ರಲ್ಲಿ ಇದನ್ನು ಜೀನ್‌ರಾಶಿಯ ಕಾವಲುಗಾರನೆಂದು ಕರೆದದ್ದು ಈ ಕಾರಣಕ್ಕೆ. ಹೊಗೆಸೊಪ್ಪು, ಮದ್ಯಗಳಿಂದ ಬರುವ ಬಾಯಿಯ ಕ್ಯಾನ್ಸರಿನಲ್ಲಿ ಈ ಕಾವಲಿನ ಜೀನೇ ಬಹುತೇಕ ರೋಗಿಗಳಲ್ಲಿ ಕೆಟ್ಟಿರುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ, ತಲೆ-ಕುತ್ತಿಗೆ ಕ್ಯಾನ್ಸರುಗಳ ದೊಡ್ಡ ಜೀನ್ ಅಧ್ಯಯನದಲ್ಲಿ, ವೈರಾಣು ಸಂಬಂಧವಿಲ್ಲದ ಗಂಟುಗಳ ಪೈಕಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಪಿ53ರ ಜೀನು ಬದಲಾಗಿತ್ತು.

ಇಲ್ಲಿ ಒಂದು ವಿರೋಧಾಭಾಸವಿದೆ. ಆರೋಗ್ಯವಂತ ಕೋಶದಲ್ಲಿ ಪಿ53 ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ; ಆದ್ದರಿಂದ ಲೇಪನದಲ್ಲಿ ಅದು ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಂದವಾಗಿ ಕಾಣುತ್ತದೆ. ಕೆಟ್ಟ ಪಿ53 ಮಾತ್ರ ಒಡೆಯದೆ ಕೋಶಕೇಂದ್ರದಲ್ಲಿ ರಾಶಿಬೀಳುತ್ತದೆ. ಹೀಗಾಗಿ ಗಾಢವಾದ ಕಂದು ಬಣ್ಣವು ಕಾವಲು ಬಲವಾಗಿದೆ ಎಂಬುದರ ಗುರುತಲ್ಲ, ಕಾವಲು ಕೆಟ್ಟಿದೆ ಎಂಬುದರ ಗುರುತು. ಇನ್ನೂ ಒಂದು ಸೂಕ್ಷ್ಮವಿದೆ. ಕೆಲವು ಬದಲಾವಣೆಗಳಲ್ಲಿ ಪ್ರೋಟೀನು ಅರ್ಧಕ್ಕೇ ತುಂಡಾಗಿ ಇಲ್ಲವೇ ಆಗುತ್ತದೆ. ಆಗ ಬಣ್ಣವೇ ಬರುವುದಿಲ್ಲ. ಸಂಪೂರ್ಣ ಮೌನವೂ ರೋಗದ ಲಕ್ಷಣವೇ. ಪಿ53 ನೆಗೆಟಿವ್ ಎಂದು ಓದಿ ಸಮಾಧಾನಪಡುವುದು ಈ ಕಾರಣಕ್ಕೆ ಸರಿಯಾಗದು. ಯಾವ ಬಗೆಯ ಬಣ್ಣ, ಎಷ್ಟು ಕೋಶಗಳಲ್ಲಿ, ಪದರದ ಯಾವ ಮಟ್ಟದಲ್ಲಿ ಎಂಬುದನ್ನೆಲ್ಲ ನೋಡಿ ರೋಗಶಾಸ್ತ್ರಜ್ಞರು ಅರ್ಥ ಹೇಳಬೇಕಾಗುತ್ತದೆ.

ಪಿ53ರ ಬದಲಾವಣೆ ಕ್ಯಾನ್ಸರಿಗೆ ಮುಂಚಿನ ಮಚ್ಚೆಗಳಲ್ಲಿಯೂ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ಬಳಿಕ ನೋಟಕ್ಕೆ ಶುದ್ಧವಾಗಿರುವ ಅಂಚಿನಲ್ಲಿಯೂ ಕಂಡುಬರುತ್ತದೆ. ಬಾಯಿಯ ಒಂದು ಜಾಗ ಕೆಟ್ಟಾಗ ಸುತ್ತಲ ಹೊಲವೆಲ್ಲ ವಿಷ ಉಂಡಿರುತ್ತದೆ ಎಂದು ಸ್ಲಾಟರ್ ಮತ್ತು ಸಂಗಡಿಗರು 1953ರಲ್ಲಿ ಮಂಡಿಸಿದ ಕ್ಷೇತ್ರಸಿದ್ಧಾಂತಕ್ಕೆ ಇದು ಪುಷ್ಟಿ ಕೊಡುತ್ತದೆ. ಒಂದು ಗಂಟನ್ನು ತೆಗೆದ ಮೇಲೂ ಎಲೆಯಡಕೆ, ಹೊಗೆಸೊಪ್ಪು ಬಿಡದವರಲ್ಲಿ ಎರಡನೆಯ ಗಂಟು ಏಕೆ ಹುಟ್ಟುತ್ತದೆ ಎಂಬುದಕ್ಕೆ ಉತ್ತರವೂ ಇದರಲ್ಲಿದೆ.

ಪಿ16: ಬಾಯಿ ಮತ್ತು ಗಂಟಲಿನ ವ್ಯತ್ಯಾಸ

ವರದಿಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಸೂಚಕ ಪಿ16. ಗಂಟಲಿನ ಹಿಂಭಾಗ, ಟಾನ್ಸಿಲ್, ನಾಲಿಗೆಯ ಬುಡ ಇವುಗಳ ಕ್ಯಾನ್ಸರಿಗೆ ಹ್ಯೂಮನ್ ಪ್ಯಾಪಿಲೋಮ ವೈರಾಣು ಕಾರಣವಾಗಬಲ್ಲದು. ಈ ವೈರಾಣು ತನ್ನ ಒಂದು ಪ್ರೋಟೀನಿನಿಂದ ಪಿ53ನ್ನು ನಾಶಮಾಡುತ್ತದೆ. ಇನ್ನೊಂದರಿಂದ ಆರ್‌ಬಿ ಎಂಬ ಮತ್ತೊಂದು ಕಾವಲು ಪ್ರೋಟೀನನ್ನು ಕಟ್ಟಿಹಾಕುತ್ತದೆ. ಆರ್‌ಬಿಯ ಹತೋಟಿ ತಪ್ಪಿದಾಗ ಪಿ16 ಅತಿಯಾಗಿ ತಯಾರಾಗುತ್ತದೆ. ಆದ್ದರಿಂದ ಗಂಟಲಿನ ಗಂಟಿನಲ್ಲಿ ನೂರಕ್ಕೆ 70 ಅಥವಾ ಅದಕ್ಕಿಂತ ಹೆಚ್ಚು ಕೋಶಗಳು ಪಿ16ಕ್ಕೆ ಗಾಢವಾಗಿ ಬಣ್ಣ ತಾಳಿದರೆ ಅದನ್ನು ವೈರಾಣುವಿನ ಹೆಜ್ಜೆಗುರುತೆಂದು ಪರಿಗಣಿಸುತ್ತಾರೆ.

ಈ ಗುರುತು ರೋಗಿಗೆ ಒಳ್ಳೆಯ ಸುದ್ದಿ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವೈರಾಣು ಸಂಬಂಧಿ ಗಂಟಲಿನ ಕ್ಯಾನ್ಸರಿನ ರೋಗಿಗಳಲ್ಲಿ ನೂರಕ್ಕೆ 82 ಮಂದಿ ಮೂರು ವರ್ಷದ ಬಳಿಕವೂ ಬದುಕಿದ್ದರು. ವೈರಾಣು ಸಂಬಂಧವಿಲ್ಲದವರಲ್ಲಿ ಆ ಪ್ರಮಾಣ ನೂರಕ್ಕೆ 57. 2017ರಲ್ಲಿ ಹೊರಬಂದ ಎಂಟನೆಯ ಆವೃತ್ತಿಯ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಪಿ16 ಪಾಸಿಟಿವ್ ಗಂಟಲಿನ ಕ್ಯಾನ್ಸರನ್ನು ಪ್ರತ್ಯೇಕ ರೋಗವೆಂದೇ ಎಣಿಸಿ ಹಂತಗಳನ್ನು ಗೊತ್ತುಮಾಡಲಾಗಿದೆ. ಆದರೆ ಕೆನ್ನೆ, ಒಸಡು, ನಾಲಿಗೆಯ ಮುಂಭಾಗದ ಕ್ಯಾನ್ಸರಿನಲ್ಲಿ ವೈರಾಣುವಿನ ಪಾತ್ರ ಚಿಕ್ಕದು. ಅಲ್ಲಿ ಪಿ16 ಬೇರೆ ಕಾರಣಗಳಿಂದಲೂ ಹೆಚ್ಚಬಹುದಾದುದರಿಂದ ಅದು ವೈರಾಣುವಿನ ನಂಬಲರ್ಹ ಗುರುತಲ್ಲ. ಒಂದೇ ಪ್ರೋಟೀನು, ಒಂದೇ ಬಣ್ಣ. ಜಾಗ ಎರಡು ಅಂಗುಲ ಹಿಂದೆ ಸರಿದರೆ ಅರ್ಥವೇ ಬೇರೆ. ಸಂದರ್ಭವಿಲ್ಲದೆ ಪದಕ್ಕೆ ಅರ್ಥ ಹೇಳಲಾಗದು ಎಂಬ ಪಾಠ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ.

ಬೆಳವಣಿಗೆಯ ಮತ್ತು ಹರಡುವಿಕೆಯ ಸೂಚಕಗಳು

ಕಿ-67 ಎಂಬುದು ವಿಭಜನೆಯಲ್ಲಿ ತೊಡಗಿರುವ ಕೋಶಗಳಲ್ಲಿ ಮಾತ್ರ ಕಾಣುವ ಪ್ರೋಟೀನು. ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಅದಿಲ್ಲ. 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಇದನ್ನು ಗುರುತಿಸಿದರು; ಊರಿನ ಹೆಸರಿನ ಮೊದಲಕ್ಷರಗಳೂ ಪ್ರಯೋಗದ ತಟ್ಟೆಯ 67ನೆಯ ಗುಳಿಯ ಸಂಖ್ಯೆಯೂ ಸೇರಿ ಈ ಹೆಸರು ಬಂದಿತು. ಕಿ-67 ಶೇಕಡಾವಾರು ಹೆಚ್ಚಿದ್ದರೆ ಗಂಟು ವೇಗವಾಗಿ ಬೆಳೆಯುತ್ತಿದೆ ಎಂದು ತಿಳಿಯಬಹುದು. ಆದರೆ ಬಾಯಿಯ ಕ್ಯಾನ್ಸರಿನಲ್ಲಿ ಇಷ್ಟಕ್ಕಿಂತ ಹೆಚ್ಚಾದರೆ ಇಂತಹ ಚಿಕಿತ್ಸೆ ಎಂಬ ಒಪ್ಪಿತ ಗಡಿರೇಖೆ ಇದಕ್ಕಿಲ್ಲ. ಕೋಶವನ್ನು ವಿಭಜನೆಯತ್ತ ತಳ್ಳುವ ಸೈಕ್ಲಿನ್ ಡಿ1 ಪ್ರೋಟೀನಿನ ವಿಷಯವೂ ಹೀಗೆಯೇ.

ಇಜಿಎಫ್‌ಆರ್ ಎಂಬುದು ಕೋಶದ ಹೊರಗಿನಿಂದ ಬರುವ ಬೆಳವಣಿಗೆಯ ಸಂದೇಶವನ್ನು ಒಳಗೆ ಸಾಗಿಸುವ ಗ್ರಾಹಕ. ತಲೆ-ಕುತ್ತಿಗೆಯ ಬಹುತೇಕ ಕ್ಯಾನ್ಸರುಗಳಲ್ಲಿ ಇದು ಅತಿಯಾಗಿರುತ್ತದೆ. ಇದನ್ನು ಮುಚ್ಚಿಹಾಕುವ ಸೆಟಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧ ಬಳಕೆಗೆ ಬಂದಿದೆ. ಮರುಕಳಿಸಿದ ಅಥವಾ ಹರಡಿದ ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ರೂಢಿಯ ಔಷಧಗಳೊಂದಿಗೆ ಇದನ್ನು ಸೇರಿಸಿ ಕೊಟ್ಟಾಗ ಸರಾಸರಿ ಆಯುಸ್ಸು 7.4 ತಿಂಗಳಿಂದ 10.1 ತಿಂಗಳಿಗೆ ಏರಿತೆಂದು 2008ರ ಯುರೋಪಿನ ಅಧ್ಯಯನ ತೋರಿಸಿತು. ಆದರೆ ಗಂಟಿನಲ್ಲಿ ಇಜಿಎಫ್‌ಆರ್ ಎಷ್ಟು ಹೆಚ್ಚಿದೆ ಎಂಬುದರಿಂದ ಯಾರಿಗೆ ಔಷಧ ಹಿಡಿಯುತ್ತದೆ ಎಂದು ಮುಂದಾಗಿ ಹೇಳಲು ಸಾಧ್ಯವಾಗಿಲ್ಲ. ಪ್ರೋಟೀನು ಔಷಧದ ಗುರಿಯಾಗಿರುವುದು ಬೇರೆ, ಔಷಧದ ಫಲವನ್ನು ಸೂಚಿಸುವುದು ಬೇರೆ.

ಇ-ಕ್ಯಾಡ್ಹೆರಿನ್ ಕೋಶ ಕೋಶಗಳನ್ನು ಬೆಸೆದು ಹಿಡಿಯುವ ಪ್ರೋಟೀನು. ಇಟ್ಟಿಗೆಗಳ ನಡುವಿನ ಗಾರೆಯಂತಹುದು. ಗಂಟಿನ ಮುಂಚೂಣಿಯಲ್ಲಿ, ಅದು ಕೆಳಪದರಕ್ಕೆ ನುಗ್ಗುವ ಜಾಗದಲ್ಲಿ, ಈ ಗಾರೆ ಸಡಿಲವಾಗಿ ಕೋಶಗಳು ಬಿಡಿಬಿಡಿಯಾಗಿ ಸಾಗತೊಡಗುತ್ತವೆ. ಅದೇ ವೇಳೆಗೆ ವೈಮೆಂಟಿನ್ ಎಂಬ, ಚಲಿಸುವ ಕೋಶಗಳ ಪ್ರೋಟೀನು ಕಾಣಿಸಿಕೊಳ್ಳಬಹುದು. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ರೋಗ ಹರಡುವುದಕ್ಕೂ ಇ-ಕ್ಯಾಡ್ಹೆರಿನ್ ಕುಗ್ಗುವುದಕ್ಕೂ ಸಂಬಂಧವಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಬಿಳಿ ಮಚ್ಚೆಗಳಲ್ಲಿ ಯಾವುದು ಮುಂದೆ ಕ್ಯಾನ್ಸರಾಗಬಹುದು ಎಂಬ ಪ್ರಶ್ನೆಗೆ ಪೊಡೊಪ್ಲಾನಿನ್ ಎಂಬ ಪ್ರೋಟೀನು ಆಶಾದಾಯಕ ಸೂಚಕವೆನಿಸಿದೆ. ಇವೆರಡೂ ಇನ್ನೂ ಸಂಶೋಧನೆಯ ಅಂಗಳದಲ್ಲಿಯೇ ಇವೆ. ದಿನನಿತ್ಯದ ಚಿಕಿತ್ಸೆಯ ನಿರ್ಧಾರಗಳಿಗೆ ಆಧಾರವಾಗಿಲ್ಲ.

ಪಿಡಿ-ಎಲ್1: ಚಿಕಿತ್ಸೆಯನ್ನು ಬದಲಿಸಿದ ಸೂಚಕ

ದೇಹದ ರಕ್ಷಣಾ ಕೋಶಗಳ ಮೈಮೇಲೆ ಪಿಡಿ-1 ಎಂಬ ತಡೆಯೊಂದಿದೆ. ರಕ್ಷಣಾ ಕೋಶಗಳು ಕೆರಳಿ ತನ್ನವರನ್ನೇ ಕೊಲ್ಲದಿರಲಿ ಎಂಬುದಕ್ಕಾಗಿ ಇರುವ ತಡೆ ಅದು. ಕ್ಯಾನ್ಸರು ಕೋಶವು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ಆ ತಡೆಯನ್ನು ಒತ್ತುತ್ತದೆ. ರಕ್ಷಣಾ ಕೋಶ ಸುಮ್ಮನಾಗುತ್ತದೆ. ಈ ಒತ್ತುವಿಕೆಯನ್ನು ತಪ್ಪಿಸಿದರೆ ದೇಹವೇ ಗಂಟಿನ ಮೇಲೆ ಎರಗಬಲ್ಲದು. ಈ ಬಗೆಯ ತಡೆಗಳ ಕುರಿತ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪ್ರಶಸ್ತಿ ಪಡೆದರು.

ಗಂಟಿನ ಕೋಶಗಳಲ್ಲಿಯೂ ಅದರೊಳಗೆ ನುಸುಳಿದ ರಕ್ಷಣಾ ಕೋಶಗಳಲ್ಲಿಯೂ ಪಿಡಿ-ಎಲ್1 ಬಣ್ಣ ತಾಳಿದವನ್ನು ಎಣಿಸಿ, ಗಂಟಿನ ಒಟ್ಟು ಜೀವಂತ ಕೋಶಗಳಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವ ಅಂಕವನ್ನು ವರದಿಯಲ್ಲಿ ಸಿಪಿಎಸ್ ಎಂದು ಬರೆಯುತ್ತಾರೆ. 2019ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪ್ರಯೋಗವೊಂದರಲ್ಲಿ, ಈ ಅಂಕ 20 ಅಥವಾ ಹೆಚ್ಚಿದ್ದ ರೋಗಿಗಳು ಪೆಂಬ್ರೊಲಿಝುಮ್ಯಾಬ್ ಔಷಧವೊಂದರಿಂದಲೇ ಸರಾಸರಿ ಸುಮಾರು 15 ತಿಂಗಳು ಬದುಕಿದರೆ, ಹಳೆಯ ಚಿಕಿತ್ಸೆಯವರು ಸುಮಾರು 11 ತಿಂಗಳು ಬದುಕಿದರು. ಅಂಕ 1 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೂ ಲಾಭ ಕಂಡಿತು. ಮರುಕಳಿಸಿದ ಅಥವಾ ಹರಡಿದ ರೋಗದಲ್ಲಿ ಔಷಧದ ಆಯ್ಕೆಯನ್ನು ನೇರವಾಗಿ ನಿರ್ದೇಶಿಸುವ ಪ್ರೋಟೀನು ಸೂಚಕವೆಂದರೆ ಇಂದು ಇದೇ.

ತೊಡಕು ಇರುವುದು ಬೆಲೆಯಲ್ಲಿ. ಈ ಔಷಧಗಳು ಸಾಮಾನ್ಯ ಕುಟುಂಬಗಳ ಕೈಗೆಟುಕುವಂತಹವಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇದಕ್ಕೆ ಒಂದು ದಾರಿ ಹುಡುಕಿದರು. ಅದೇ ವರ್ಗದ ನಿವೊಲುಮ್ಯಾಬ್ ಔಷಧವನ್ನು ರೂಢಿಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ, ಅಂದರೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಮ್ ಮಾತ್ರ, ಅಗ್ಗದ ಮಾತ್ರೆಗಳೊಂದಿಗೆ ಕೊಟ್ಟು ನೋಡಿದರು. ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿನ ರೋಗಿಗಳಲ್ಲಿ ಒಂದು ವರ್ಷದ ಬಳಿಕ ಬದುಕಿದ್ದವರ ಪ್ರಮಾಣ, ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ನೂರಕ್ಕೆ 16.3 ಇದ್ದುದು, ಔಷಧವನ್ನೂ ಪಡೆದವರಲ್ಲಿ 43.4ಕ್ಕೆ ಏರಿತು. ಗಡಿನಾಡಿನ ಬಡ ರೋಗಿಗಳಿಗೆ ದೂರದ ಪ್ರಯೋಗಗಳಿಗಿಂತ ಈ ಫಲಿತಾಂಶ ಹೆಚ್ಚು ಹತ್ತಿರದ್ದು.

ಜೊಲ್ಲಿನ ಪರೀಕ್ಷೆ ಮತ್ತು ಅಂಕಿಗಳ ಮೋಸ

ಬಾಯಿಯ ರೋಗಕ್ಕೆ ಜೊಲ್ಲೇ ಸುಲಭವಾದ ಮಾದರಿ. ಸೂಜಿ ಬೇಡ, ಕತ್ತರಿ ಬೇಡ. ಇಂಟರ್‌ಲ್ಯೂಕಿನ್-8, ಅಂಗಾಂಶವನ್ನು ಕರಗಿಸುವ ಎಂಎಂಪಿ-9 ಮೊದಲಾದ ಪ್ರೋಟೀನುಗಳು ರೋಗಿಗಳ ಜೊಲ್ಲಿನಲ್ಲಿ ಹೆಚ್ಚಿರುವುದು ಕಂಡುಬಂದಿದೆ. 2008ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡವೊಂದು ಐದು ಪ್ರೋಟೀನುಗಳ ಗುಂಪಿನಿಂದ ನೂರಕ್ಕೆ 90 ರೋಗಿಗಳನ್ನು ಗುರುತಿಸಿತು. ಆರೋಗ್ಯವಂತರಲ್ಲಿ ನೂರಕ್ಕೆ 83 ಮಂದಿಯನ್ನು ಸರಿಯಾಗಿ ಬಿಟ್ಟುಕೊಟ್ಟಿತು. ಮೊದಲನೆಯದನ್ನು ಪರೀಕ್ಷೆಯ ಸಂವೇದನೆ ಎಂದೂ ಎರಡನೆಯದನ್ನು ನಿರ್ದಿಷ್ಟತೆ ಎಂದೂ ಕರೆಯುತ್ತಾರೆ.

ಇಷ್ಟು ಒಳ್ಳೆಯ ಪರೀಕ್ಷೆ ಊರೂರಿಗೆ ಏಕೆ ಬಂದಿಲ್ಲ? ಒಂದು ಲೆಕ್ಕದಿಂದ ತಿಳಿಯಬಹುದು. ಸಂವೇದನೆ, ನಿರ್ದಿಷ್ಟತೆ ಎರಡೂ ನೂರಕ್ಕೆ 90 ಇರುವ ಪರೀಕ್ಷೆಯನ್ನು 10,000 ಜನರಿರುವ ಊರಿನಲ್ಲಿ ಮಾಡಲಾಯಿತು, ಅಲ್ಲಿ ನಿಜವಾದ ರೋಗಿಗಳು 10 ಎಂದಿಟ್ಟುಕೊಳ್ಳೋಣ. ಹತ್ತರಲ್ಲಿ 9 ಮಂದಿ ಸಿಗುತ್ತಾರೆ. ಉಳಿದ 9,990 ಆರೋಗ್ಯವಂತರಲ್ಲಿ ನೂರಕ್ಕೆ 10ರಂತೆ 999 ಮಂದಿಗೂ ಪಾಸಿಟಿವ್ ಬರುತ್ತದೆ. ಒಟ್ಟು 1,008 ಪಾಸಿಟಿವ್‌ಗಳಲ್ಲಿ ನಿಜ 9 ಮಾತ್ರ. ನೂರಕ್ಕೆ ಒಂದೂ ಇಲ್ಲ. ಅದೇ ಪರೀಕ್ಷೆಯನ್ನು ಬಾಯಿಯಲ್ಲಿ ಅನುಮಾನದ ಹುಣ್ಣಿರುವ 1,000 ಜನರಿಗೆ ಮಾಡಿದಾಗ, ಅವರಲ್ಲಿ 300 ಮಂದಿ ರೋಗಿಗಳಾಗಿದ್ದರೆ, 340 ಪಾಸಿಟಿವ್‌ಗಳಲ್ಲಿ 270 ನಿಜವಾಗುತ್ತವೆ. ಪರೀಕ್ಷೆ ಬದಲಾಗಲಿಲ್ಲ, ಯಾರ ಮೇಲೆ ಮಾಡಿದರೆಂಬುದು ಬದಲಾಯಿತು. ಇದಲ್ಲದೆ ಒಸಡಿನ ಉರಿಯೂತದಂತಹ ಸಾಮಾನ್ಯ ತೊಂದರೆಗಳಲ್ಲಿಯೂ ಇದೇ ಪ್ರೋಟೀನುಗಳು ಹೆಚ್ಚುತ್ತವೆ. ಒಂದು ಹನಿ ಜೊಲ್ಲಿನಿಂದ ಕ್ಯಾನ್ಸರು ಪತ್ತೆ ಎಂಬ ಜಾಹೀರಾತುಗಳನ್ನು ಈ ಲೆಕ್ಕವನ್ನು ನೆನಪಿನಲ್ಲಿಟ್ಟು ಓದಬೇಕು.

ಸೂಚಕಕ್ಕಿಂತ ಮೊದಲು ಕಣ್ಣು

ಹೀಗೆ ನೋಡಿದಾಗ ಸೂಚಕಗಳು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ. ರೋಗ ಇದೆಯೇ ಎಂಬುದು ಮೊದಲನೆಯದು; ರೋಗದ ಗತಿ ಹೇಗಿರಬಹುದು ಎಂಬುದು ಎರಡನೆಯದು; ಯಾವ ಔಷಧ ಹಿಡಿಯಬಹುದು ಎಂಬುದು ಮೂರನೆಯದು. ಬಾಯಿಯ ಕ್ಯಾನ್ಸರಿನಲ್ಲಿ ಮೊದಲ ಪ್ರಶ್ನೆಗೆ ಇಂದಿಗೂ ಬಯಾಪ್ಸಿಯೇ ಉತ್ತರ. ಎರಡನೆಯದಕ್ಕೆ ಪ್ರೋಟೀನುಗಳಿಗಿಂತ ಹೆಚ್ಚು ನಂಬಬಹುದಾದವು ಗಂಟಿನ ಗಾತ್ರ, ಅದು ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬ ಅಳತೆ, ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯೇ ಎಂಬ ಸಂಗತಿ. ಟಾಟಾ ಸ್ಮಾರಕ ಆಸ್ಪತ್ರೆಯ 2015ರ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಆರಂಭದ ಹಂತದ ಬಾಯಿಯ ಕ್ಯಾನ್ಸರಿನಲ್ಲಿ ಗಂಟಿನೊಂದಿಗೆ ಕುತ್ತಿಗೆಯ ಗ್ರಂಥಿಗಳನ್ನೂ ಮೊದಲೇ ತೆಗೆದವರಲ್ಲಿ ಮೂರು ವರ್ಷದ ಬಳಿಕ ನೂರಕ್ಕೆ 80 ಮಂದಿ ಬದುಕಿದ್ದರು. ಗ್ರಂಥಿ ಊದಿಕೊಂಡ ಮೇಲೆ ತೆಗೆದವರಲ್ಲಿ 67.5 ಮಂದಿ. ಮೂರನೆಯ ಪ್ರಶ್ನೆಗೆ ಪಿಡಿ-ಎಲ್1 ಒಂದು ಮಟ್ಟಿಗೆ ಉತ್ತರ ಹೇಳುತ್ತದೆ.

ಸಾವನ್ನು ತಪ್ಪಿಸುವ ವಿಷಯದಲ್ಲಿ ಯಾವ ಪ್ರೋಟೀನೂ ಇನ್ನೂ ಬರಿಗಣ್ಣಿನ ಪರೀಕ್ಷೆಯನ್ನು ಮೀರಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯ ಪಂಚಾಯಿತಿಗಳಲ್ಲಿ 1996ರಿಂದ ನಡೆದ ದೊಡ್ಡ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದುದು 2005ರ ವರದಿಯಲ್ಲಿ ಕಂಡಿತು. ಇದಕ್ಕೆ ಬೇಕಾದದ್ದು ಒಂದು ಬೆಳಕು ಮತ್ತು ನೋಡಲು ಕಲಿತ ಕಣ್ಣು.

ಎರಡು ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೊದಲಿನಷ್ಟು ತೆರೆಯದ ಬಾಯಿ, ಖಾರ ತಾಳದ ಉರಿ, ಕಾರಣವಿಲ್ಲದೆ ಸಡಿಲವಾದ ಹಲ್ಲು, ಕುತ್ತಿಗೆಯ ಗಂಟು ಇವು ಕಂಡರೆ ತಡಮಾಡದೆ ತೋರಿಸಬೇಕು. ಆರಂಭದಲ್ಲಿ ನೋವಿಲ್ಲದಿರುವುದೇ ಈ ರೋಗದ ಮೋಸ. ಕಾಸರಗೋಡು, ವಯನಾಡಿನವರಿಗೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಕೇಂದ್ರವಿದೆ. ಸೊಲ್ಲಾಪುರದ ಸೀಮೆಯವರಿಗೆ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಿದೆ. ಹೊಸೂರು, ಮಡಕಶಿರಾ ಸೀಮೆಯವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹತ್ತಿರ. ಹೊಗೆಸೊಪ್ಪು ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿ ಇದೆ.

ವರದಿಯನ್ನು ಕನ್ನಡದಲ್ಲಿ ಹೇಳುವಾಗ

ಕೊನೆಯ ಮಾತು ಭಾಷೆಯದು. ಪಾಸಿಟಿವ್ ಎಂಬ ಪದ ಆಡುಮಾತಿನಲ್ಲಿ ಒಳ್ಳೆಯದು ಎಂಬ ಅರ್ಥ ಪಡೆದಿದೆ. ನೆಗೆಟಿವ್ ಎಂದರೆ ಕೆಟ್ಟದ್ದು. ಪ್ರಯೋಗಾಲಯದ ಭಾಷೆಯಲ್ಲಿ ಇವುಗಳ ಅರ್ಥ ಇದೆ, ಇಲ್ಲ ಎಂದಷ್ಟೇ. ಗಂಟಲಿನ ಕ್ಯಾನ್ಸರಿನಲ್ಲಿ ಪಿ16 ಪಾಸಿಟಿವ್ ಆಶಾದಾಯಕ. ಶಸ್ತ್ರಚಿಕಿತ್ಸೆಯ ಅಂಚು ಪಾಸಿಟಿವ್ ಎಂದರೆ ರೋಗ ಒಳಗೆ ಉಳಿದಿದೆ ಎಂಬ ಎಚ್ಚರಿಕೆ. ಗ್ರಂಥಿ ಪಾಸಿಟಿವ್ ಎಂದರೆ ರೋಗ ಹರಡಿದೆ. ಪಿಡಿ-ಎಲ್1 ಪಾಸಿಟಿವ್ ಎಂದರೆ ಒಂದು ಔಷಧದ ಬಾಗಿಲು ತೆರೆದಿದೆ. ಪಿ53 ಪಾಸಿಟಿವ್ ಆಗಲಿ ನೆಗೆಟಿವ್ ಆಗಲಿ ಒಂಟಿಯಾಗಿ ಏನನ್ನೂ ಹೇಳದು. ಒಂದೇ ಪದವನ್ನು ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಅನುವಾದಿಸಿದರೆ ಮನೆಯವರು ಹೆದರಬಾರದ ಕಡೆ ಹೆದರಿ, ಎಚ್ಚರವಾಗಬೇಕಾದ ಕಡೆ ಸುಮ್ಮನಿರುವ ಸಂಭವವಿದೆ.

ಆದ್ದರಿಂದ ವರದಿಯನ್ನು ಓದಿ ಹೇಳುವವರು ಮೂರು ಸಂಗತಿಗಳನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳುವುದು ಕ್ಷೇಮ. ಸೂಚಕವನ್ನು ನೋಡಿದ್ದು ಯಾವ ಜಾಗದ ತುಣುಕಿನಲ್ಲಿ? ಅದನ್ನು ಕೇಳಿದ್ದು ಯಾವ ಪ್ರಶ್ನೆಗೆ ಉತ್ತರವಾಗಿ? ಅದರಿಂದ ಚಿಕಿತ್ಸೆಯಲ್ಲಿ ಬದಲಾಗುವುದೇನು? ಈ ಮೂರಕ್ಕೆ ಉತ್ತರ ಸಿಕ್ಕರೆ ಆ ಗೂಢಾಕ್ಷರಗಳನ್ನು ಸರಳ ಕನ್ನಡದಲ್ಲಿ ಅಜ್ಜನಿಗೋ ಅಮ್ಮನಿಗೋ ಹೇಳುವುದು ಕಷ್ಟವಲ್ಲ. ಮೂರನೆಯ ಪ್ರಶ್ನೆಗೆ ಏನೂ ಬದಲಾಗುವುದಿಲ್ಲ ಎಂಬ ಉತ್ತರ ಬಂದರೆ ಆ ಸೂಚಕದ ಬಗ್ಗೆ ಚಿಂತಿಸುವುದನ್ನು ಬಿಟ್ಟು, ನಿಗದಿಯಾದ ದಿನಕ್ಕೆ ಚಿಕಿತ್ಸೆಗೆ ಹೋಗುವುದೇ ಮುಖ್ಯ.